ಅಂಗೈ ನೋಡಿದ ದಂತವೈದ್ಯೆ

ನನ್ನ ಒಂದು ಚೌಕಾಸಿಗೆ ಮಗಳು ತೆತ್ತ ಬೆಲೆ ಎರಡು ಗಟ್ಟಿ ಹಲ್ಲು, ದವಡೆಯ ಒಂದಿಷ್ಟು ಮೂಳೆ. ಡಾಕ್ಟರ್ ಐರಿನ್ ಹತ್ತಿರ ನಾನು ವಾಯಿದೆ ಕೇಳಿ ಗೆದ್ದಿದ್ದೆ, ಅದಕ್ಕೆ.

ಹೊಸಂಗಡಿಯ ಅವರ ಕ್ಲಿನಿಕ್ಕಿಗೆ ದವಡೆ ತೋರಿಸಲು ಹೋದರೆ, "ಮೊದಲು ಕೈ ತೋರಿಸಿ" ಎಂದರು. ಕನ್ನಡಕ ಹಣೆಗೇರಿಸಿ ಅಂಗೈಯನ್ನು ಬೆಳಕಿಗೆ ಹಿಡಿದರು.

"ಎಂತ ಡಾಕ್ಟ್ರೇ, ಭವಿಷ್ಯವೂ ಹೇಳ್ತೀರಾ? ಫೀಸು ಬೇರೆಯಾ?"

"ಭವಿಷ್ಯವೇ ಮಾರಾಯ್ರೇ. ಸೂಜಿ ಚುಚ್ಚಿದ ಹಾಗೆ ಗುಳಿ ಉಂಟಲ್ಲ, ಅದು."

ನಾನು ಒಯ್ದಿದ್ದ ಎಕ್ಸ್‌ರೇಯಲ್ಲಿ ದವಡೆಯ ಎರಡು ಕಡೆ ಸಿಸ್ಟ್ ಇತ್ತು, ಮೂಳೆಯೊಳಗೆ ಚೀಲದ ಹಾಗೆ. ಬೇರೆ ಡಾಕ್ಟರು ರೂಟ್ ಕೆನಾಲ್ ಹೇಳಿದ್ದರು. ಐರಿನ್ ಒಂದೊಂದು ಹಲ್ಲಿಗೂ ತಣ್ಣನೆ ಹತ್ತಿ ಮುಟ್ಟಿಸಿ, "ಜುಂ ಆಗ್ತದಾ?" ಎಂದು ಕೇಳಿದರು. ಆಯಿತು. "ಹಲ್ಲಿಗೆ ಜೀವ ಉಂಟು. ತಪ್ಪು ಅದರದ್ದಲ್ಲ, ಸುಮ್ಮನೆ ಕೊಲ್ಲುವುದು ಬೇಡ." ಸಿಸ್ಟ್ ತೆಗೆದು ಪರೀಕ್ಷೆಗೆ ಕಳುಹಿಸಿದರು. ಅಪರೂಪದ್ದು, ಮತ್ತೆ ಮತ್ತೆ ಬರುವಂಥದ್ದು, ಮಕ್ಕಳಿಗೂ ಇಳಿಯಬಹುದು, ಅಂಗೈಯ ಗುಳಿಯೂ ಅದೇ ಕಾಯಿಲೆಯ ಗುರುತು ಎಂದು ಗೊತ್ತಾಯಿತು.

"ಮಗಳನ್ನು ಕರಕೊಂಡು ಬನ್ನಿ. ಒಂದು ಎಕ್ಸ್‌ರೇ ಸಾಕು."

ನವ್ಯಳಿಗೆ ಆಗ ಸಂಬಂಧ ಕುದುರುತ್ತಿತ್ತು. "ಅವಳಿಗೆ ನೋವೇ ಇಲ್ಲ. ಮದುವೆ ಒಂದು ಆಗಲಿ."

"ನೋವಿಲ್ಲದ್ದೇ ಕಷ್ಟ. ಹಳೆ ಮನೆಗಳ ಬಾಗಿಲು ವ್ಯಾಪಾರ ನಿಮ್ಮದು. ಚಂದ ಉಂಟು ಅಂತ ತಟ್ಟಿ ನೋಡದೆ ತಗೊಳ್ತೀರಾ?"

"ತಗೊಳ್ಳುವಾಗ ತಟ್ಟುತ್ತೇನೆ. ಮಾರುವಾಗ ಯಾರಾದರೂ ತಟ್ಟುತ್ತಾರಾ?"

ಎಂಥ ಜಾಣ ಉತ್ತರ ಕೊಟ್ಟೆ ಎಂದು ನಾನೇ ನಕ್ಕೆ. ಅವರು ನಗಲಿಲ್ಲ. "ಬಾಗಿಲಲ್ಲ, ಮಗಳು" ಎಂದಷ್ಟೇ ಹೇಳಿದರು. ಆ ಮಾತು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಿಶ್ಚಿತಾರ್ಥ ಆಗಿ ಸ್ವಲ್ಪ ಸಮಯಕ್ಕೆ ನವ್ಯಳ ಹಲ್ಲು ಅಲುಗಿತು. ಮುಖದಲ್ಲಿ ಬಾವು ಇಲ್ಲ, ಎಕ್ಸ್‌ರೇ ತೆಗೆದರೆ ಒಳಗೆ ಮೂಳೆ ಉದ್ದಕ್ಕೂ ಟೊಳ್ಳು. ಹುಡುಗನಿಗೆ ಅವಳೇ ಫೋನು ಮಾಡಿ, ನನ್ನೆದುರೇ ಎಲ್ಲ ಹೇಳಿದಳು. ಸಂಬಂಧ ಮುರಿದುಬಿದ್ದರೆ ಹೇಗೆ ಕೂಡಿಸುವುದೆಂದು ನಾನು ಲೆಕ್ಕ ಹಾಕುತ್ತಿದ್ದೆ. ಅವನು ಕೇಳಿದ್ದು ಒಂದೇ: "ಆಪರೇಶನ್ ಯಾವಾಗ? ರಜೆ ಹಾಕಬೇಕಲ್ಲ." ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಐರಿನ್ ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ವಾದಿಸಿ ಹಗುರಾಗುತ್ತಿದ್ದೆ. ಆಪರೇಶನ್ ಆದಮೇಲೆ, ಕೊನೆಯ ಸಲ ಕಂಡಾಗ ನಮ್ಮಿಬ್ಬರ ಅಂಗೈಯನ್ನೂ ನೋಡಿ, "ವರ್ಷಕ್ಕೊಮ್ಮೆ ಎಕ್ಸ್‌ರೇ, ಇಬ್ಬರಿಗೂ" ಎಂದರು. ಎರಡು ವರ್ಷಕ್ಕೊಮ್ಮೆ ಸಾಲದಾ ಎಂಬುದು ನಾಲಗೆ ತುದಿಗೆ ಬಂದಿತ್ತು. ನುಂಗಿದೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗ ಕ್ಲಿನಿಕ್ಕಿನ ಜಾಗದಲ್ಲಿ ಮೊಬೈಲ್ ಅಂಗಡಿ ಉಂಟು.

ನೀವು ಇಷ್ಟು ಮಾಡಿ: ದವಡೆಯಿಂದ ತೆಗೆದದ್ದನ್ನು ಪರೀಕ್ಷೆಗೆ ಕಳಿಸಲು ಹೇಳಿ. ಮನೆಯವರನ್ನೂ ತೋರಿಸಬೇಕೆಂದು ಡಾಕ್ಟರು ಹೇಳಿದರೆ ಆ ವಾರವೇ ಕರಕೊಂಡು ಹೋಗಿ. ಚೌಕಾಸಿ ಬೇಕಾದರೆ ಫೀಸಿನಲ್ಲಿ ಮಾಡಿ, ದಿನದಲ್ಲಿ ಬೇಡ.