ಬಲೆ ಹಿಡಿದ ರಾಕ್ಷಸನ ಹಲ್ಲು

ಹಲ್ಲಿನ ಸೆಟ್ಟು ಮಾಡುವವನ ಕೆಲಸ ಚೆನ್ನಾಗಿದೆ ಎನ್ನುವುದಕ್ಕೆ ಇರುವ ಗುರುತು ಒಂದೇ: ಅದು ಯಾರ ಕೆಲಸವೆಂದು ಯಾರಿಗೂ ಗೊತ್ತಾಗಬಾರದು. ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಯ ಇನಾಯತನ ಕೆಲಸ ಮೂವತ್ತು ವರ್ಷದಿಂದ ಮಾನ್ವಿ, ದೇವದುರ್ಗ, ಪೋತ್ನಾಳದ ಬಾಯಿಗಳಲ್ಲಿ ರೊಟ್ಟಿ ಜಗಿಯುತ್ತಿದೆ, ಮದುವೆ ಮನೆಗಳಲ್ಲಿ ನಗುತ್ತಿದೆ, ಒಮ್ಮೊಮ್ಮೆ ಅವನನ್ನೇ ಬೈಯುತ್ತಲೂ ಇದೆ. ಆದರೆ ‘ಇದು ಇನಾಯತನ ಕೈಚಳಕ’ ಎಂದು ಬಾಯಿಂದ ತೆಗೆದು ನಾಲ್ಕು ಜನಕ್ಕೆ ತೋರಿಸಿದವರು ಇದುವರೆಗೆ ಒಬ್ಬರೂ ಇಲ್ಲ. ತೋರಿಸಿದ್ದರೂ ನೋಡುವ ಪುಣ್ಯಾತ್ಮರು ಬೇಕಲ್ಲ.

ಹಾಗಿರುವಾಗ ಮೊಬೈಲಿನಲ್ಲಿ ಪರಿಚಯವಾದ ಹೈದರಾಬಾದಿನ ಪರ್ವೇಜ್ ಎಂಬವನು ಫೋನು ಮಾಡಿ, ‘ನಮ್ಮ ಪ್ರದರ್ಶನದಾಗ ಪ್ರತಿ ಗೊಂಬಿ ಮುಂದ ಮಾಡಿದವರ ಹೆಸರಿನ ಚೀಟಿ ಇಡ್ತೀವಿ’ ಎಂದದ್ದು ಇನಾಯತ ಎರಡು ರಾತ್ರಿ ಹಾಳೆಯ ಮೇಲೆ ತನ್ನ ಹೆಸರು ಬರೆದು ಬರೆದು ನೋಡುವಂತೆ ಮಾಡಿತು.

ಗೊಂಬೆಗಳ ವಿಷಯ ಹೀಗೆ. ಹನ್ನೆರಡು ವರ್ಷದ ಕೆಳಗೆ ದೇವದುರ್ಗದ ದವಾಖಾನೆಗೆ ಸೆಟ್ಟು ಕೊಟ್ಟು ಬಸ್ಸಿಗೆ ಬರುತ್ತಿದ್ದಾಗ, ಗುಜರಿ ಅಂಗಡಿಯ ಗಡಿಗೆಪ್ಪನ ತಕ್ಕಡಿಯಲ್ಲಿ ಒಂದು ರಾಶಿ ಪುಟ್ಟ ಮನುಷ್ಯರು ಕಂಡರು. ಎತ್ತರ ಬೆರಳಿನ ಎರಡು ಗೆಣ್ಣು. ಒಬ್ಬನಿಗೆ ಹಂದಿಯ ಮೂತಿ, ಇನ್ನೊಬ್ಬನ ತಲೆಗೆ ಆಕಾಶಕ್ಕೆ ಹೋಗುವವರ ಗಾಜಿನ ಟೋಪಿ, ಮತ್ತೊಬ್ಬನಿಗೆ ರೆಕ್ಕೆ, ಮಗದೊಬ್ಬ ರೋಬೋಟು.

‘ಎಲ್ಲಿವೋ ಗಡಿಗೆಪ್ಪ, ಈ ಗೊಂಬಿ?’

‘ಯಾರೋ ಎಂಜಿನಿಯರ್ ಮನಿ ಖಾಲಿ ಮಾಡಿದ್ರಂತ್ರಿ, ಟ್ರಂಕಿನಾಗ ಬಂದಾವ. ಮೂರು ಕಿಲೋ ಅದ. ನಾಳಿ ಹೊಳಿ ಕಡಿಯವರು ಬರ್ತಾರ, ಕರಗಿಸಿ ಮೀನ ಬಲಿಗೆ ಗುಂಡು ಮಾಡ್ಕೊಂತಾರ.’

‘ಮನುಷ್ಯಾರಂಗ ಅದಾವಲ್ಲೋ!’

‘ತಕ್ಕಡಿಯಾಗ ಮನುಷ್ಯಾ, ಗೊಂಬಿ ಅಂತ ಇರಂಗಿಲ್ಲ ಸಾಹೇಬ್ರ. ಸೀಸ ಅಂದ್ರ ಸೀಸ.’

ಮೂರು ಕಿಲೋ ಸೀಸ ಆ ಸಂಜೆ ಹೊಳೆಗೆ ಹೋಗದೆ ರಾಯಚೂರಿಗೆ ಬಂತು. ಇವು ಇಂಗ್ಲೆಂಡಿನಲ್ಲಿ ನಲವತ್ತು ವರ್ಷದ ಹಿಂದೆ ಎರಕ ಹೊಯ್ದವು, ಮೇಜಿನ ಮೇಲೆ ದಾಳ ಉರುಳಿಸಿ ಯುದ್ಧವಾಡುವ ಆಟದ ಕಾಯಿಗಳು, ಲೋಕದಲ್ಲಿ ದೊಡ್ಡ ದೊಡ್ಡ ಗಂಡಸರು ಇವಕ್ಕೆ ಬಣ್ಣ ಹಚ್ಚುತ್ತ, ಒಂದರ ಕೈ ಕಿತ್ತು ಇನ್ನೊಂದಕ್ಕೆ ಜೋಡಿಸಿ ಹೊಸ ರೂಪ ಕೊಡುತ್ತ ಕೂರುತ್ತಾರೆ ಎಂಬುದು ಇನಾಯತನಿಗೆ ಮೊಬೈಲಿನಿಂದ ತಿಳಿಯಿತು. ಅವರೆಲ್ಲ ಇದಕ್ಕಾಗಿ ದುಡ್ಡು ಕೊಟ್ಟು ತರಿಸುವ ಹತ್ಯಾರು ಯಾವುವು ಎಂದು ನೋಡಿದರೆ, ಹಲ್ಲಿನವರ ಹತ್ಯಾರು! ಮೇಣ ಕೆರೆಯುವ ಚಾಕು, ಸಣ್ಣ ಮೋಟಾರು, ಕಲಸಿದರೆ ಗಟ್ಟಿಯಾಗುವ ಗುಲಾಬಿ ಪುಡಿ, ತಂತಿ. ಇನಾಯತ ತಲೆ ಎತ್ತಿ ತನ್ನ ಮೇಜು ನೋಡಿದ. ಎಲ್ಲ ಇತ್ತು.

ರೆಕ್ಕೆಯ ರಾಕ್ಷಸನಿಗೆ ಕೊಡಲಿ ಮುರಿದಿತ್ತು. ಮೇಲಿನ ಸೆಟ್ಟು ಗಟ್ಟಿಯಾಗಲೆಂದು ಒಳಗೆ ಕೂರಿಸುವ ಜಾಳಿಗೆಯ ಚೂರನ್ನು ಕತ್ತರಿಸಿ, ಬಲಗೈಗೆ ಮೀನಿನ ಬಲೆ ಕೊಟ್ಟ. ಮೈಗೆ ಮೊದಲು ಕಪ್ಪು, ಮೇಲೆ ತೆಳ್ಳಗೆ ಏಳು ಸಲ ಕೆಂಪು. ರೆಕ್ಕೆಯ ನರಗಳನ್ನು ನಾಲ್ಕೇ ಕೂದಲುಳಿದ ಕುಂಚದಲ್ಲಿ, ಉಸಿರು ಹಿಡಿದು ಎಳೆದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮುಚ್ಚಿದ ಬಾಯಿ ಕಂಡರೆ ತೆರೆದು ನೋಡದೆ ಇರುವ ಜೀವ ಅದಲ್ಲ. ಮೋಟಾರು ಹಿಡಿದು ರಾಕ್ಷಸನ ಬಾಯಿ ಕೊರೆದ. ಎಳ್ಳಿಗಿಂತ ಸಣ್ಣ ಹಲ್ಲುಗಳನ್ನು ಸಾಲಾಗಿ, ದಾರ ಹಿಡಿದ ಹಾಗೆ ಕೂರಿಸಿದ. ಒಸಡಿಗೆ ಆರೋಗ್ಯದ ಗುಲಾಬಿ ಬಣ್ಣ ಹಚ್ಚಿದ. ಒಂದಕ್ಕೆ ಮಾಡಿದ್ದನ್ನು ರಾಶಿಯಿಂದ ಆರಿಸಿಟ್ಟ ಹನ್ನೆರಡಕ್ಕೂ ಮಾಡಿದ. ರೋಬೋಟನ್ನೂ ಬಿಡಲಿಲ್ಲ.

ಹೆಂಡತಿ ದಿಲ್ಶಾದ್ ಮನೆಯ ದಖನಿಯಲ್ಲಿ ಅಂದದ್ದರ ಕನ್ನಡ ಇಷ್ಟು: ‘ಅಜೀ, ಶೈತಾನಗಳಿಗೆ ದವಾಖಾನಿ ತೆಗದೀರೇನು?’

ಪರ್ವೇಜ್ ಕೂಡ ಇನಾಯತ ಕಳಿಸಿದ ಫೋಟೋ ನೋಡಿ ಅದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದ. ಅವನ ಅಜ್ಜನ ಮನೆ ಗಿಲ್ಲೆಸುಗೂರು, ಕನ್ನಡ ಬರುತ್ತಿತ್ತು. ‘ಇನಾಯತ್ ಭಾಯ್, ಬಲಿ ಹಿಡದ ರಾಕ್ಷಸ ಭಾಳ ಚಂದ ಅದಾನ. ಆದ್ರ ಬಾಯಿ ನೋಡಿದ್ರ ಹಲ್ಲುಜ್ಜೋ ಪೇಸ್ಟಿನ ಜಾಹೀರಾತು ಆಗೇದ. ಹಲ್ಲು ಕೆಡಿಸ್ರಿ. ಮುಂದಿನ ರವಿವಾರ ಬರ್ತೀನಿ, ಸರಿ ಇದ್ರ ಒಯ್ತೀನಿ.’

ಕೆಡಿಸುವುದು! ಮೂವತ್ತು ವರ್ಷದಲ್ಲಿ ಇನಾಯತ ಯಾರಿಗೂ ಕೆಟ್ಟ ಹಲ್ಲು ಕೊಟ್ಟವನಲ್ಲ. ಆದರೂ ಚೀಟಿಯ ಆಸೆ. ಒಂದು ಹಲ್ಲು ಮುರಿದ. ಒಂದಕ್ಕೆ ಹಳದಿ ಬಳಿದ. ಎರಡನ್ನು ಕಿತ್ತು ಸೊಟ್ಟಗೆ ಅಂಟಿಸಿದ. ಫೋಟೋ ಕಳಿಸಿದ್ದಕ್ಕೆ ಉತ್ತರ ಬಂತು: ‘ಮೊದ್ಲು ಸೆಟ್ಟು ಹಾಕ್ಕೊಂಡಂಗ ಇದ್ದ. ಈಗ ಆ ಸೆಟ್ಟು ಕೆಳಗ ಬಿದ್ದು ಒಡದಂಗ ಅದ.’

ಬೇಸರದಲ್ಲಿ ಎಲ್ಲ ಕಿತ್ತು ಮತ್ತೆ ನೆಟ್ಟಗಿನ ಸಾಲನ್ನೇ ಕೂರಿಸಿದ. ಗುರುವಾರವಾಗಿತ್ತು. ಅಂದು ಮಾನ್ವಿಗೆ ಹೋಗಲೇಬೇಕಿತ್ತು. ಅಲ್ಲಿಯ ಹಲ್ಲಿನ ಡಾಕ್ಟರು ಮೇಘಾ ಕರೆಸಿದ್ದರು. ಖಾಸಿಂ ಬೀ ಎಂಬ ಮುದುಕಿ ಇನಾಯತ ಮಾಡಿದ ಹಲ್ಲನ್ನು ಎರಡು ಸಲ ಬೇಡವೆಂದಿದ್ದಳು. ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಿಗಿಟ್ಟು ನೋಡಿ ಒಪ್ಪಿದ ಮೇಲಷ್ಟೇ ಸೆಟ್ಟು ಪಕ್ಕಾ ಮಾಡುವುದು ಪದ್ಧತಿ.

ಖಾಸಿಂ ಬೀ ಮೂರನೇ ಸಲ ಕನ್ನಡಿ ನೋಡಿದಳು. ‘ಚಂದ ಅದಾವ,’ ಅಂದಳು. ‘ಯಾರವು?’

‘ನಿಮ್ಮವಾ, ಯವ್ವಾ,’ ಎಂದರು ಮೇಘಾ.

‘ನನ್ನ ಹಲ್ಲು ನನಗ ಗೊತ್ತಿಲ್ಲೇನವ್ವಾ? ನಾ ನಕ್ರ, ಯಾರೋ ಆಫೀಸರ್ ಸಾಹೇಬನ ಹೆಂಡ್ತಿ ಬಂದು ನಕ್ಕಂಗ ಆಗ್ತದ.’

ಇನಾಯತ ಸೋತ ದನಿಯಲ್ಲಿ, ‘ಖಾಲಾ, ನಿಮ್ಮವು ಹೆಂಗಿದ್ದು ಹೇಳ್ರಲ್ಲ ಮತ್ತ,’ ಎಂದ.

‘ಕೇಳಿದೇನ್ ಬೇಟಾ ಇಷ್ಟು ದಿನಾ? ಮುಂದಿನ ಎರಡರ ನಡುವ ಸಜ್ಜಿ ಕಾಳು ಹಾಯೋವಷ್ಟು ಸಂದಿ. ಅದು ಅಮ್ಮನ ಕಡಿಂದ ಬಂದದ್ದು. ಎಡಗಡಿ ಹಲ್ಲಿನ ತುದಿಗೆ ಒಂದು ಕಚ್ಚು. ಅದು ನಾ ಮಾಡ್ಕೊಂಡಿದ್ದು.’

‘ಮಾಡ್ಕೊಂಡಿದ್ದು ಅಂದ್ರ?’

‘ಬಳಿ ಮಾರೋಳು ನಾನು. ಬಳಿ ಕಟ್ಟಿದ ದಾರ ಯಾತರಲೆ ಹರೀಬೇಕು? ಒಂದು ಕೈಯಾಗ ಗಿರಾಕಿ ಕೈ ಇರ್ತದ, ಇನ್ನೊಂದ್ರಾಗ ಬಳಿ. ನಲವತ್ತು ವರ್ಷ ಅದಾ ಹಲ್ಲೀಲೆ ಹರದೀನಿ. ಹಾಂ, ಮತ್ತ ಬಲಗಡಿ ಕಚ್ಚು ಇಟ್ಟೀಯ! ಬಳಿ ಹಿಡಿಯೋ ಕೈ ಎಡಗೈ, ಅದಕ್ಕ ಎಡಗಡಿ. ಬ್ಯಾರೆ ಬಳಿಗಾರ್ತೇರು ನೋಡಿದ್ರ ನಗ್ತಾರ.’

‘ಜನ ಏನಂತಾರ್ರೀ? ಡಾಕ್ಟರ್ ಹೊಸ ಹಲ್ಲಾ ಒಡದು ಕೊಟ್ಟಾರ ಅಂತಾರ,’ ಮೇಘಾ ಗೊಣಗಿದರು.

ಇನಾಯತ ಆಗಲೇ ಅಚ್ಚನ್ನು ಕೈಗೆತ್ತಿಕೊಂಡಿದ್ದ. ಚೀಲದಿಂದ ಪೆನ್ಸಿಲು ತೆಗೆದು ಅಚ್ಚಿನ ಮೇಲೆ ಕಚ್ಚಿನ ಜಾಗಕ್ಕೆ ಗುರುತು ಹಾಕಿಕೊಂಡ. ಹಲ್ಲು ಸುಮ್ಮನೆ ಕೆಡುವುದಿಲ್ಲ, ಕೆಲಸ ಮಾಡಿ ಸವೆಯುತ್ತದೆ ಎಂಬ ಸಂಗತಿ ಹಲ್ಲಿನ ಕಸುಬಿಗೆ ಬಿದ್ದ ಮೂವತ್ತನೆಯ ವರ್ಷದಲ್ಲಿ ಅವನಿಗೆ ಹೊಳೆದಿತ್ತು. ನಮ್ಮಲ್ಲಿ ಅನೇಕರಿಗೆ ಅಷ್ಟರಲ್ಲೂ ಹೊಳೆಯುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅರ್ಧ ದಾರಿ ಕಳೆಯುವ ತನಕ ಅವನು ರಾಕ್ಷಸನಾಗಿ ಕೂತಿದ್ದ. ಬಲಗೈಯಲ್ಲಿ ಇಲ್ಲದ ಬಲೆ ಹಿಡಿದು, ತಲೆ ಓರೆ ಮಾಡಿ, ಇಲ್ಲದ ಗಂಟನ್ನು ಒಂದೊಂದೇ ಹಲ್ಲಿನಿಂದ ಕಚ್ಚಿ ಎಳೆದು ನೋಡುತ್ತಿದ್ದ.

‘ಹಲ್ಲು ಬ್ಯಾನಿ ಏನ್ರೀ ಸಾಹೇಬ್ರ?’ ಕಂಡಕ್ಟರ್ ಕನಿಕರದಿಂದ ಕೇಳಿದ. ‘ರಾಯಚೂರಾಗ ಚಲೋ ಡಾಕ್ಟರ್ ಅದಾರ ನೋಡ್ರಿ.’

ಶುಕ್ರವಾರ ನಮಾಜು ಮುಗಿಸಿ ಬಂದವನು ಎರಡು ಬಾಯಿಗಳ ಕೆಲಸವನ್ನೂ ಒಟ್ಟಿಗೆ ಹಿಡಿದ. ಮುದುಕಿಯ ಎಡದ ಹಲ್ಲಿಗೆ ಒಂದು ಕಚ್ಚು, ನಡುವೆ ಸಂದಿ. ರಾಕ್ಷಸನ ಬಲದ ಕೋರೆಯ ಒಳಮಗ್ಗುಲಿಗೆ, ಗಂಟು ಎಳೆದೆಳೆದು ಬಿದ್ದಂಥ ಕೂದಲೆಳೆಯ ಗೀರು; ಅದರ ಪಕ್ಕದವು ಒಂದಿಷ್ಟು ಓರೆ, ಎಳೆತಕ್ಕೆ ಸರಿದ ಹಾಗೆ; ಗೀರಿನೊಳಗೆ ನೀರಾದ ಕಂದು ಬಣ್ಣದ ಒಂದು ಹನಿ. ಉಳಿದ ಹಲ್ಲುಗಳನ್ನು ಮುಟ್ಟಲಿಲ್ಲ. ಅವು ಏನೂ ಕೆಲಸ ಮಾಡಿರಲಿಲ್ಲ.

ಶನಿವಾರ ಮಾನ್ವಿಯಲ್ಲಿ ಖಾಸಿಂ ಬೀ ಹೊಸ ಸೆಟ್ಟು ಹಾಕಿಕೊಂಡು, ನಾಲಿಗೆಯ ತುದಿಯಿಂದ ಆ ಕಚ್ಚನ್ನು ಹುಡುಕಿದಳು. ಆಮೇಲೆ ಕನ್ನಡಿಗೆ ಹೇಳಿದಳು: ‘ತಿರುಗಿ ಬಂದೇನವ್ವಾ?’

ಇನಾಯತನಿಗೆ ಅದರ ಜೊತೆ ಒಂದು ಮಾತು ತನಗೂ ಸಿಕ್ಕೀತೆಂಬ ಆಸೆಯಿತ್ತು. ಅವಳು ಡಾಕ್ಟರಿಗೆ ಕೈ ಮುಗಿದು, ಚೀಲ ಎತ್ತಿಕೊಂಡು ಹೋದಳು.

ರವಿವಾರ ಹತ್ತಕ್ಕೆ ಪರ್ವೇಜ್ ಬಂದ. ಚಹಾ ಬೇಡವೆಂದು ಭೂತಗನ್ನಡಿ ತೆಗೆದ. ರಾಕ್ಷಸನನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಇನಾಯತ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ತಿಂಗಳೆಂದು ಓದುತ್ತಿದ್ದ. ಮೂರು ಸಲ ಓದಿದ.

‘ಇನಾಯತ್ ಭಾಯ್,’ ಪರ್ವೇಜ್ ಕಡೆಗೆ ಅಂದ, ‘ಇಂವ ಬಲಿ ಬರೇ ಹಿಡದಿಲ್ಲ. ತಾನಾ ಹೆಣದಾನ, ಹೌದಿಲ್ರಿ?’

ಇನಾಯತ ಕ್ಯಾಲೆಂಡರು ಬಿಟ್ಟು ಇತ್ತ ತಿರುಗಿ, ಹೌದೆಂದು ತಲೆಯಾಡಿಸಿದ.

ಪರ್ವೇಜ್ ರಾಕ್ಷಸನನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಟ್ಟು, ಚೀಟಿಗೆಂದು ಹೆಸರು, ಊರು ಬರೆದುಕೊಂಡ. ಅಷ್ಟರಲ್ಲಿ ಕಪಾಟಿನ ಉಳಿದ ಹನ್ನೊಂದರ ಕಡೆ ಕಣ್ಣು ಹೋಯಿತು. ‘ಈ ಹಂದಿ ಮೂತಿಯವನ್ನೂ ಕೊಡ್ರಿ. ಆ ರೋಬೋಟ್, ಗಾಜಿನ ಟೋಪಿಯಂವ ಸೈತ ಚಲೋ ಅದಾವ. ಮೇಜಿನ ಮ್ಯಾಲ ಜಾಗ ಅದ, ಇನ್ನೂ ಮೂರು ಚೀಟಿ ಇಡಬಹುದು.’

ಮೂರು ಚೀಟಿ! ಇನಾಯತ ಕಪಾಟಿನತ್ತ ನೋಡಿದ. ಹನ್ನೊಂದು ಬಾಯಿಗಳು ಒಂದೇ ಅಳತೆಯ, ಒಂದೇ ಬಿಳುಪಿನ ನಗೆ ನಗುತ್ತಿದ್ದವು. ಒಬ್ಬನೂ ಒಂದು ಹೊತ್ತು ಉಂಡವನಂತೆ ಕಾಣಲಿಲ್ಲ.

‘ಬ್ಯಾಡ್ರಿ,’ ಎಂದ. ‘ಅವಕ್ಕ ಇನ್ನ ಹಲ್ಲು ಬಂದಿಲ್ಲ.’

ಪರ್ವೇಜ್ ಹೋದ ಮೇಲೆ ಇನಾಯತ ರೋಬೋಟನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಕಡೆಗೆ ಒಳಗೆ ಕೂಗಿ ಕೇಳಿದ: ‘ದಿಲ್ಶಾದ್, ಇಂವ ಏನು ಕೆಲಸ ಮಾಡ್ತಿದ್ದಿರಬೇಕು?’

‘ಮೊದ್ಲು ನೀವು ಉಣ್ಣಾಕ ಬರ್ರಿ,’ ಎಂದಳು ದಿಲ್ಶಾದ್. ‘ಆಮ್ಯಾಲ ಅವನ್ನ ಕೇಳೋಣಂತ.’