ಜ್ವಾಲೆ ಹಳದಿಯಾಗುವವರೆಗೆ

ಆರ್ವಿಡ್ ಹೌಗ್ಡಾಲ್ ಅವರನ್ನು ನಮ್ಮೂರಿನಲ್ಲಿ ಯಾರೂ ಒಂಟಿ ಮನುಷ್ಯ ಎಂದು ಕರೆಯುತ್ತಿರಲಿಲ್ಲ. ಕರೆಯುವ ಅಗತ್ಯವೂ ಇರಲಿಲ್ಲ. ಉತ್ತರ ಮಿನೆಸೋಟದ ಈ ಊರಿನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಎಲ್ಲರೂ ಒಂದಿಷ್ಟು ಒಂಟಿಗಳೇ. ಹಿಮ ಹೊಸ್ತಿಲಿಗೆ ಬಂದು ಕುಳಿತ ಮೇಲೆ ಯಾರು ಹೆಚ್ಚು, ಯಾರು ಕಡಿಮೆ ಎಂದು ತೂಗುವವರಾರು?

ನಾನು ವಿಜ್ಞಾನ ಕಲಿಸುವ ಶಾಲೆಯಲ್ಲಿಯೇ ಅವರು ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕಲ್ಲಿದ್ದಲಿನ ಕಾಲದಲ್ಲಿ, ಮಕ್ಕಳು ಬರುವ ಎಷ್ಟೋ ಮೊದಲೇ ಬಂದು, ತರಗತಿಗಳ ಕೊಳವೆಗಳು ಟಕಟಕ ಸದ್ದು ಮಾಡಿ ಬೆಚ್ಚಗಾಗುವ ತನಕ ನೆಲಮಾಳಿಗೆಯಲ್ಲಿ ಕೂತಿರುತ್ತಿದ್ದರಂತೆ. ಆಮೇಲೆ ಗ್ಯಾಸಿನ ಬಾಯ್ಲರ್ ಬಂತು. ಅದು ತಾನಾಗಿ ಹೊತ್ತಿಕೊಂಡು ತಾನಾಗಿ ಆರುತ್ತಿತ್ತು. ಆದರೂ ಆರ್ವಿಡ್ ನಿವೃತ್ತರಾಗುವ ದಿನದವರೆಗೂ ಅದೇ ಹೊತ್ತಿಗೆ ಬಂದು ಅದರ ಮುಂದೆ ಕೂರುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರಣ ಕೇಳಿದ್ದೆ.

"ಎಲ್ಲಾ ಅದೇ ಮಾಡುತ್ತೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಮಾಡ್ತಾ ಇದೆ ಅಂತ ಯಾರಾದ್ರೂ ನೋಡ್ಬೇಕಲ್ವಾ?" ಎಂದಿದ್ದರು.

ಅವರ ಹೆಂಡತಿ ಲವಾನ್ ಒಂದು ಚಳಿಗಾಲ ಅರಿಜೋನಾದಲ್ಲಿರುವ ಅಕ್ಕನ ಮನೆಗೆ ಹೋದರು, ವಸಂತದಲ್ಲಿ ಮರಳಿದರು. ಮರುವರ್ಷವೂ ಹೋದರು, ಆ ವಸಂತದಲ್ಲಿ ಮರಳಲಿಲ್ಲ. ಜಗಳವೇನೂ ಆಗಿರಲಿಲ್ಲ. ಯಾರಾದರೂ ವಿಚಾರಿಸಿದರೆ ಆರ್ವಿಡ್, "ಅವ್ಳಿಗೆ ಅಲ್ಲಿ ಬೆಚ್ಚಗಿದೆ" ಎನ್ನುತ್ತಿದ್ದರು. ಅದರಲ್ಲಿ ದೂರು ಇತ್ತೇ, ಬರಿಯ ಹವಾಮಾನದ ವರದಿಯಿತ್ತೇ ಎಂದು ನಾನು ನಿರ್ಧರಿಸಲಾರೆ.

ಅವರ ಪಕ್ಕದ ಮನೆ ಇರ್ಮಾ ಸೋಲ್ಬರ್ಗ್ ಅವರದು, ಎದುರಿನದು ನನ್ನದು. ಇರ್ಮಾ ಅವರ ಗಂಡ ಕ್ಲೇಟನ್ ಎರಡು ಚಳಿಗಾಲಗಳ ಹಿಂದೆ ತೀರಿಕೊಂಡಿದ್ದರು. ಅವರು ಬಿಟ್ಟುಹೋದದ್ದರಲ್ಲಿ ಕೂರುವ ಕೋಣೆಯ ಗ್ಯಾಸಿನ ಅಗ್ಗಿಷ್ಟಿಕೆಯೂ ಒಂದು. ಅದರೊಳಗೆ ಸೌದೆಯಿಲ್ಲ, ಸೌದೆಯಂತೆ ಕಾಣುವ ಪಿಂಗಾಣಿ ಕೊರಡುಗಳಿವೆ. ಅವುಗಳ ನಡುವೆ ಗ್ಯಾಸು ಉರಿಯುತ್ತದೆ. ನೆಲಮಾಳಿಗೆಯ ಹೀಟರಿನ ಬಿಸಿ ಉತ್ತರ ದಿಕ್ಕಿನ ಆ ಕೋಣೆಯವರೆಗೆ ಬರುವಷ್ಟರಲ್ಲಿ ಸೋತುಹೋಗುತ್ತಿದ್ದುದರಿಂದ ಕ್ಲೇಟನ್ ಅದನ್ನು ಹಾಕಿಸಿದ್ದರು.

ಅದರ ಸ್ವಿಚ್ಚು ನೆಲದ ಮಟ್ಟದಲ್ಲಿತ್ತು. ಮಂಡಿಯೂರಿ, ಕೆಳಗಿನ ತಗಡಿನ ಬಾಗಿಲು ತೆರೆದು, ಕೈಯನ್ನು ಒಳಗೆ ತೂರಿಸಬೇಕು. ಆರಿಸುವುದು ಕಷ್ಟವಲ್ಲ, ಊರುಗೋಲಿನ ತುದಿಯಿಂದ ಸ್ವಿಚ್ಚಿನ ಕೆಳತುದಿಯನ್ನು ಒತ್ತಿದರೆ ಸಾಕು. ಹೊತ್ತಿಸಲು ಒತ್ತಬೇಕಾದ ಮೇಲ್ತುದಿ ಮಾತ್ರ ತಗಡಿನ ಅಂಚಿನ ಹಿಂದೆ ಅಡಗಿತ್ತು, ಅಲ್ಲಿಗೆ ಬೆರಳೇ ಹೋಗಬೇಕು. ಇರ್ಮಾ ಅವರ ಮಂಡಿಗಳು ಬಗ್ಗುವುದನ್ನು ಎಂದೋ ನಿಲ್ಲಿಸಿದ್ದವು.

ಹೀಗಾಗಿ ಕ್ಲೇಟನ್ ಹೋದ ಮೇಲೆ ಪ್ರತಿದಿನ ಹೊತ್ತಿಳಿಯುವಾಗ ಆರ್ವಿಡ್ ಹೋಗಿ ಅಗ್ಗಿಷ್ಟಿಕೆ ಹೊತ್ತಿಸತೊಡಗಿದರು. ಗ್ಯಾಸಿನ ಜ್ವಾಲೆ ಮೊದಲು ನೀಲಿಯಾಗಿರುತ್ತದೆ. ಕೊರಡುಗಳು ಕಾದಂತೆ, ಕಾಲು ಗಂಟೆಯ ಹೊತ್ತಿಗೆ, ಹಳದಿಗೆ ತಿರುಗುತ್ತದೆ. ಹಳದಿಯಾಗುವವರೆಗೆ ಕೂತು ನೋಡಬೇಕು, ಇಲ್ಲವಾದರೆ ಕೆಲಸ ಅರ್ಧ ಮಾಡಿದಂತೆ ಎಂಬುದು ಆರ್ವಿಡ್ ಅವರ ನಿಯಮ. ಅದಕ್ಕೆ ಆಧಾರವಿದೆಯೇ ಎಂದು ನಾನು ಹುಡುಕಿದ್ದೇನೆ. ಒಮ್ಮೆ ಸರಿಯಾಗಿ ಜೋಡಿಸಿದ ಅಗ್ಗಿಷ್ಟಿಕೆಯನ್ನು ದಿನವೂ ಹಾಗೆ ಕಾಯಬೇಕೆಂದು ಎಲ್ಲಿಯೂ ಬರೆದಿಲ್ಲ. ಆದರೆ ಆ ಕಾಲು ಗಂಟೆಯಲ್ಲಿ ಇರ್ಮಾ ಕಾಫಿ ಬಗ್ಗಿಸುತ್ತಿದ್ದರು, ಏಲಕ್ಕಿ ಹಾಕಿದ ಬ್ರೆಡ್ಡು ಕತ್ತರಿಸುತ್ತಿದ್ದರು. ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಾಗಿದೆ, ಚರ್ಚಿನಲ್ಲಿ ಯಾರು ಕೆಮ್ಮುತ್ತಿದ್ದರು ಎಂದು ಎರಡು ಮಾತಾಗುತ್ತಿತ್ತು. ಜ್ವಾಲೆ ಹಳದಿಯಾಗಿ ಎಷ್ಟೋ ಹೊತ್ತಾದ ಮೇಲೆ ಆರ್ವಿಡ್, "ಹಾಂ, ಈಗ ಸರಿಹೋಯ್ತು" ಎಂದು ಏಳುತ್ತಿದ್ದರು.

ನಮ್ಮೂರಿನವರು ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಏಣಿ ಹಿಂತಿರುಗಿಸುವುದಕ್ಕೆ ಹೋಗಬಹುದು, ಹಿಮ ತೆಗೆಯುವುದಕ್ಕೆ ಹೋಗಬಹುದು. ಹೋದ ಮೇಲೆ ಒಂದು ಗಂಟೆ ಕೂತರೂ ಯಾರೂ ಏನೂ ಅನ್ನುವುದಿಲ್ಲ, ಆದರೆ ಹೋಗಲು ಏಣಿ ಬೇಕು. ಆರ್ವಿಡ್ ಅವರಿಗೆ ಆ ಸ್ವಿಚ್ಚು ಏಣಿಯಾಗಿತ್ತು.

ಜನವರಿಯ ಒಂದು ದಿನ ಅವರು ಎರಡು ಮನೆಗಳ ನಡುವಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ಮೊಣಕೈ ಊದಿತು, ಮುರಿಯಲಿಲ್ಲ. ಇರ್ಮಾ ನೊಂದುಕೊಂಡರು. "ನನ್ನ ಬೆಂಕಿಗೋಸ್ಕರ ನೀವು ಹೀಗೆ ಬಿದ್ದು ಏಳೋದು ನಂಗೆ ಸರಿ ಕಾಣಲ್ಲ ಆರ್ವಿಡ್" ಎಂದರು.

ಇಂಥ ಮಾತಿಗೆ ಏನಾದರೊಂದು ಪರಿಹಾರ ಹೇಳದೆ ಸುಮ್ಮನಿರುವುದು ಆರ್ವಿಡ್ ಅವರ ಸ್ವಭಾವದಲ್ಲಿರಲಿಲ್ಲ. "ಇದಕ್ಕೆ ರಿಮೋಟ್ ಬರುತ್ತೆ. ಹಾಕ್ಕೊಡ್ಲಾ?" ಎಂದರು.

"ಅಯ್ಯೋ ಬೇಡ, ಬೇಡ."

"ದೊಡ್ಡ ಕೆಲಸ ಏನಲ್ಲ. ಹಾಕ್ಕೊಡ್ತೀನಿ."

"ಬೇಡ ಬಿಡಿ, ಯಾಕೆ ಸುಮ್ನೆ."

"ಎರಡು ತಂತಿ ಅಷ್ಟೇ ಇರ್ಮಾ. ಹಾಕ್ಬಿಡ್ಲಾ?"

"ನಿಮ್ಗೆ ತೊಂದ್ರೆ ಇಲ್ಲಾಂದ್ರೆ..."

ನಮ್ಮಲ್ಲಿ ಏನನ್ನು ಕೊಡಬಂದರೂ ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲವೂ ಬೇಡವೆನ್ನಬೇಕು, ಮೂರನೆಯ ಸಲ ಒಪ್ಪಿಕೊಳ್ಳಬೇಕು. ಮೊದಲೇ ಒಪ್ಪುವವನು ಆಸೆಬುರುಕ, ಮೂರನೆಯ ಸಲವೂ ಒಪ್ಪದವನು ಸೊಕ್ಕಿನವನು. ಕೊಡುವವನಿಗೂ ಬಿಡುಗಡೆಯಿಲ್ಲ. ಒಂದೇ ಸಲ ಕೇಳಿ ಬಿಟ್ಟರೆ ಅವನಿಗೆ ಕೊಡುವ ಮನಸ್ಸೇ ಇರಲಿಲ್ಲ ಎಂದಾಗುತ್ತದೆ. ಹೀಗೆ ಕಾಫಿಯೂ ಸಿಕ್ಕಿದೆ, ಎಷ್ಟೋ ಮದುವೆಗಳೂ ನಡೆದಿವೆ. ಆ ಸಂಜೆ ರಿಮೋಟ್ ನಿಶ್ಚಯವಾಯಿತು.

ಅದನ್ನು ಕೊಳ್ಳಲು ಆರ್ವಿಡ್ ಹಾರ್ಡ್‌ವೇರ್ ಅಂಗಡಿಗೆ ಬಂದಾಗ ನಾನೂ ಅಲ್ಲಿದ್ದೆ. ಅಂಗಡಿ ನಡೆಸುವ ಗಾರ್ಡಿ ಎಂಬಾತನಿಗೆ ಗಿರಾಕಿಗಳನ್ನು ಕೆಣಕದೆ ಚಿಲ್ಲರೆ ಕೊಟ್ಟು ಅಭ್ಯಾಸವಿಲ್ಲ.

"ಏನಪ್ಪಾ ಆರ್ವಿಡ್, ಇನ್ಮೇಲೆ ಮಂಡಿ ಊರೋದು ಚರ್ಚಲ್ಲಿ ಮಾತ್ರ ಅನ್ನು!"

"ಅಲ್ಲೂ ರಿಮೋಟ್ ಹಾಕಿಸ್ತಾರೇನೋ ಕೇಳು. ಪಾದ್ರಿಗಳ ಉಪದೇಶ ನಿಲ್ಸೋಕೆ ಉಪಯೋಗಕ್ಕೆ ಬರುತ್ತೆ" ಎಂದರು ಆರ್ವಿಡ್. ನಗಲಿಲ್ಲ. ಹೊರಗೆ ಬಂದ ಮೇಲೆ, ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು, ನನ್ನ ಕಡೆ ನೋಡದೆಯೇ ಅಂದರು: "ಮೂರನೇ ಸಲಾನೂ ಬೇಡ ಅಂತಾರೆ ಅನ್ಕೊಂಡಿದ್ದೆ ಮೇಷ್ಟ್ರೇ."

"ಬೇಡ ಅನ್ನಲಿ ಅಂತ ಇದ್ದರೆ ಮೂರನೇ ಸಲ ಯಾಕೆ ಕೇಳಿದಿರಿ?"

"ಎರಡೇ ಸಲ ಕೇಳಿ ಸುಮ್ನಾಗೋದಾ? ಏನಂದ್ಕೊಳ್ತಾರೆ ಅವ್ರು?"

ಶನಿವಾರ ಮಧ್ಯಾಹ್ನ ಕೆಲಸ ನಡೆಯಿತು. ಟಾರ್ಚು ಹಿಡಿಯಲು ನನ್ನನ್ನು ಕರೆದಿದ್ದರು. ಆರ್ವಿಡ್ ಗ್ಯಾಸಿನ ಕವಾಟ ಮುಚ್ಚಿ, ಕೊರಡುಗಳು ಆರಿ ತಣ್ಣಗಾಗಿವೆಯೇ ಎಂದು ಮುಟ್ಟಿ ನೋಡಿ, ಹಳೆಯ ಸ್ವಿಚ್ಚಿನ ಎರಡು ತಂತಿಗಳನ್ನು ಬಿಚ್ಚಿದರು. ಅವನ್ನು ಹೊಸ ಡಬ್ಬಿಯ ತಂತಿಗಳಿಗೆ ಸೇರಿಸಿ, ಡಬ್ಬಿಯನ್ನು ಬಿಸಿ ತಟ್ಟದ ಮೂಲೆಗೆ ಸರಿಸಿದರು. ತಂತಿ ಎಲ್ಲಿಯೂ ಬರ್ನರಿನ ಹತ್ತಿರ ಸುಳಿಯದಂತೆ ಸುತ್ತಿ ಕಟ್ಟಿದರು. ಆಮೇಲೆ ಕವಾಟ ತೆರೆದು, ಒಳಗೆ ಸದಾ ಉರಿಯುವ ಕಿರುಜ್ವಾಲೆಯನ್ನು ಮತ್ತೆ ಹೊತ್ತಿಸಿದರು. ಅವಸರವಿರಲಿಲ್ಲ. ಇಷ್ಟು ನಿಧಾನವಾಗಿ ಸ್ಕ್ರೂ ತಿರುಗಿಸುವವರನ್ನು ನಾನು ಕಂಡಿಲ್ಲ.

ಇರ್ಮಾ ಕುರ್ಚಿಯಿಂದಲೇ ಕೇಳಿದರು: "ಕರೆಂಟ್ ಹೋದ್ರೆ ಏನ್ಗತಿ?"

ಅದಕ್ಕೆ ಮನೆಯ ಕರೆಂಟು ಬೇಡವೆಂದು ನಾನು ವಿವರಿಸಿದೆ. ಕಿರುಜ್ವಾಲೆಯಲ್ಲಿ ಎರಡು ಬೇರೆ ಬೇರೆ ಲೋಹಗಳ ಬೆಸುಗೆಯಿದೆ. ಒಂದು ತುದಿ ಕಾದು ಇನ್ನೊಂದು ತಣ್ಣಗಿದ್ದರೆ ಅಷ್ಟರಿಂದಲೇ ಚೂರು ವಿದ್ಯುತ್ತು ಹುಟ್ಟುತ್ತದೆ, ಕವಾಟ ತೆರೆಯಲು ಅದು ಸಾಕು. ರಿಮೋಟಿಗೂ ಡಬ್ಬಿಗೂ ಬ್ಯಾಟರಿಯಿದೆ.

"ಹಾಗಾದ್ರೆ ಯಾವಾಗ ಬೇಕಾದ್ರೂ ಹೊತ್ತುತ್ತೆ?"

"ಹೊತ್ತುತ್ತೆ" ಎಂದರು ಆರ್ವಿಡ್, ತಗಡಿನ ಬಾಗಿಲಿನೊಳಗೆ ತಲೆಯಿಟ್ಟುಕೊಂಡೇ.

"ಯಾರೂ ಬರದಿದ್ರೂ?"

"ಯಾರೂ ಬರದಿದ್ರೂ."

ಇರ್ಮಾ ಗುಂಡಿ ಒತ್ತಿದರು. ಒಳಗೆ ಟಿಕ್ ಎಂದು ಸದ್ದಾಗಿ ನೀಲಿ ಜ್ವಾಲೆ ಸಾಲಾಗಿ ಎದ್ದಿತು. "ಚೆನ್ನಾಗಿದೆ" ಎಂದರು ಇರ್ಮಾ. "ಪರ್ವಾಗಿಲ್ಲ" ಎಂದರು ಆರ್ವಿಡ್. ಇವೆರಡೂ ನಮ್ಮಲ್ಲಿ ದೊಡ್ಡ ಹೊಗಳಿಕೆಗಳೇ. ಆಮೇಲೆ ಆರ್ವಿಡ್ ಸಲಕರಣೆಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದುಬಿಟ್ಟರು. ಜ್ವಾಲೆ ಇನ್ನೂ ನೀಲಿಯಾಗಿಯೇ ಇತ್ತು.

ಮರುದಿನದಿಂದ ಅವರು ಹೋಗಲಿಲ್ಲ. ಹೊತ್ತಿಳಿಯುವಾಗ ಇರ್ಮಾ ಅವರ ಕಿಟಕಿಯಲ್ಲಿ ಬೆಳಕು ತಾನಾಗಿ ಮೂಡುತ್ತಿತ್ತು. ಆರ್ವಿಡ್ ತಮ್ಮ ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿರುತ್ತಿದ್ದರು. ಆ ಬೆಳಕು ಬಂದ ಮೇಲೆ ಅವರ ಅಡುಗೆಮನೆಯ ದೀಪ ಆರಿ, ಒಳಕೋಣೆಯಲ್ಲಿ ಟೀವಿಯ ನೀಲಿ ಮಿನುಗು ಶುರುವಾಗುತ್ತಿತ್ತು. ಇದನ್ನೆಲ್ಲ ನಾನು ಎದುರು ಮನೆಯಿಂದ ಕಂಡೆ. ಕಂಡದ್ದಕ್ಕಿಂತ ಹೆಚ್ಚು ಊಹಿಸುವುದು ನನ್ನ ಜಾಯಮಾನವಲ್ಲ.

ಆದರೆ ಫೆಬ್ರವರಿಯಲ್ಲಿ ಇರ್ಮಾ ಅವರ ಮೆಟ್ಟಿಲಿನ ಹಿಮ ತೆಗೆಯಲು ಹೋದಾಗ, ಅವರು ಬಾಗಿಲು ಓರೆಮಾಡಿ ಹೇಳಿದ್ದು ಊಹೆಯಲ್ಲ.

"ಪಾಪ, ಆರ್ವಿಡ್‌ಗೆ ದಿನಾ ಬಂದು ಬಂದು ಬೇಜಾರಾಗಿತ್ತು ಅನ್ಸುತ್ತೆ. ನಂಗೆ ಮೊದ್ಲೇ ಗೊತ್ತಾಗ್ಬೇಕಿತ್ತು."

"ಹಾಗಂತ ಅವರು ಹೇಳಿದರಾ?"

"ಹೇಳ್ತಾರಾ ಯಾರಾದ್ರೂ? ಮೂರು ಸಲ ಕೇಳಿದ್ರಪ್ಪಾ ರಿಮೋಟ್ ಹಾಕ್ತೀನಿ ಅಂತ. ಮೂರು ಸಲ! ಇನ್ನೂ ಬೇಡ ಅಂದ್ರೆ ನನ್ನ ಬೆಂಕಿ ಹೊತ್ತಿಸ್ತಾನೇ ಇರಿ ಅಂತ ಬಲವಂತ ಮಾಡ್ದಂಗೆ ಆಗ್ತಿರ್ಲಿಲ್ವಾ?"

ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು. ಇಬ್ಬರ ಹೇಳಿಕೆಯೂ ಪ್ರಾಮಾಣಿಕ, ಇಬ್ಬರ ತೀರ್ಮಾನವೂ ತಪ್ಪು. ಪ್ರಯೋಗಶಾಲೆಯಲ್ಲಾದರೆ ಎರಡು ಟಿಪ್ಪಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ತಿದ್ದಬಹುದು. ಇಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯುವುದು ಕದ್ದ ಮಾಲು ಸಾಗಿಸಿದಂತೆ. ಆ ಸಂಜೆ ಆರ್ವಿಡ್ ಅವರಿಗೆ ನಾನು ಹೇಳಿದ್ದು ಇಷ್ಟೇ: "ಒಮ್ಮೆ ಹೋಗಿ ಬನ್ನಿ."

"ಯಾಕೆ, ಕೆಟ್ಟಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಹೋಗ್ಲಿ? ಏನಂತ ಹೋಗ್ಲಿ?"

"ಏನೂ ಅನ್ನದೆ ಹೋಗಿ."

ಅವರು ನನ್ನನ್ನು ದಿಟ್ಟಿಸಿದರು. "ಮೇಷ್ಟ್ರೇ, ನೀವು ಓದ್ಕೊಂಡಿರೋರು. ಆದ್ರೂ ಒಮ್ಮೊಮ್ಮೆ ಏನೇನೋ ಮಾತಾಡ್ತೀರಿ" ಎಂದರು.

ಆಮೇಲೆ ಎಷ್ಟೋ ದಿನ ಏನೂ ಆಗಲಿಲ್ಲ. ನಾನು ಮತ್ತೆ ಹೇಳಲೂ ಇಲ್ಲ. ಆ ಚಳಿಗಾಲ ತನ್ನ ಅಳತೆ ಮೀರಿ ಉಳಿಯಿತು. ಮಾರ್ಚ್ ತಿಂಗಳ ಒಂದು ಬುಧವಾರ, ಗಾಳಿ ನಿಂತಿದ್ದ ಸಂಜೆ, ಆರ್ವಿಡ್ ಕೋಟು ತೊಟ್ಟು, ಕ್ಷೌರ ಮಾಡಿಕೊಂಡ ಮುಖದಲ್ಲಿ, ಇರ್ಮಾ ಅವರ ಮೆಟ್ಟಿಲು ಹತ್ತಿದರು. ಕೈಯಲ್ಲಿ ಚೀಲವಿರಲಿಲ್ಲ. ಮುಂದಿನದನ್ನು ಇರ್ಮಾ ನನಗೆ ಹೇಳಿದ್ದಾರೆ.

ಬಾಗಿಲು ತೆರೆದವರು ಆರ್ವಿಡ್ ಅವರ ಮುಖ ನೋಡಿ, ಖಾಲಿ ಕೈ ನೋಡಿ, ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

"ಯಾರು ಹೋದ್ರು?"

"ಹಾಂ?"

"ಯಾರು ಹೋದ್ರು ಆರ್ವಿಡ್? ಹೇಳ್ಬಿಡಿ."

"ಯಾರೂ ಹೋಗಿಲ್ಲ ಇರ್ಮಾ. ಎಲ್ರೂ ಇದ್ದಾರೆ."

"ಹಾಗಾದ್ರೆ ಏನಾಯ್ತು?"

"ಏನೂ ಆಗಿಲ್ಲ. ಸುಮ್ನೆ ಬಂದೆ."

ನಮ್ಮೂರಿನಲ್ಲಿ ಕ್ಷೌರ ಮಾಡಿಕೊಂಡು ಬರಿಗೈಯಲ್ಲಿ ಬಾಗಿಲಿಗೆ ಬರುವುದು ಸಾವಿನ ಸುದ್ದಿ ಮಾತ್ರ. ಇರ್ಮಾ ಚೌಕಟ್ಟು ಬಿಡಲು ಹೊತ್ತು ಹಿಡಿಯಿತು. ಆಮೇಲೆ ಅವರಿಗೆ ಸಿಟ್ಟೂ ಬಂತು. ಆರ್ವಿಡ್ ಅವರನ್ನು ಒಳಗೆ ಕರೆದು ಕೂರಿಸಿದರು. ಅಗ್ಗಿಷ್ಟಿಕೆ ಆಗಲೇ ಉರಿಯುತ್ತಿತ್ತು. ಮಾಡಬೇಕಾದ ಕೆಲಸವಿರಲಿಲ್ಲ, ಕಾಯಬೇಕಾದದ್ದೂ ಇರಲಿಲ್ಲ. ಆರ್ವಿಡ್ ಟೋಪಿಯನ್ನು ಮಂಡಿಯ ಮೇಲಿಟ್ಟು ತಿರುಗಿಸುತ್ತ ಕೂತರು. ಸರೋವರದ ಮಾತು ಎತ್ತಿದರು, ಅದು ಮುಗಿಯಿತು. ಕಾಫಿಯ ಸುದ್ದಿ ಇಬ್ಬರಿಗೂ ಹೊಳೆಯಲಿಲ್ಲ.

"ಎಷ್ಟು ಹೊತ್ತು ಕೂತಿದ್ರೋ, ನಂಗಂತೂ ಬೆವ್ರು ಬಂತು. ಮಾತಾಡೋಕೆ ಬರದೇ ಇರೋ ಮಕ್ಳ ಥರ ಇದ್ವಿ ಇಬ್ರೂ" ಎಂದು ಇರ್ಮಾ ನನ್ನೊಡನೆ ಹೇಳಿದರು.

ಹೊರಡುವಾಗ ಆರ್ವಿಡ್, "ಹೆದರಿಸಿಬಿಟ್ಟೆ ನಿಮ್ಮನ್ನ" ಎಂದರಂತೆ. "ಹೌದು, ಹೆದರಿಸಿದ್ರಿ" ಎಂದರಂತೆ ಇವರು.

ಮರುದಿನ ಆರ್ವಿಡ್ ಹೋಗಲಿಲ್ಲ. ಇನ್ನು ಹೋಗುವವರೂ ಅಲ್ಲ ಎಂದೇ ನಾನು ಎಣಿಸಿದೆ. ಎರಡೂ ಮನೆಗಳ ದೀಪಗಳು ಹಿಂದಿನಂತೆಯೇ ಹೊತ್ತಿದವು. ಅದರ ಮರುದಿನ ನಾನು ಆರ್ವಿಡ್ ಅವರ ಅಡುಗೆಮನೆಯಲ್ಲಿ ನಲ್ಲಿಯ ವಾಷರ್ ಕೇಳಿ ಪಡೆಯಲು ನಿಂತಿದ್ದಾಗ ಫೋನು ಬಂತು. ಆರ್ವಿಡ್ ಎತ್ತಿಕೊಂಡರು.

"ಹಾಂ ಇರ್ಮಾ. ಏನಾಯ್ತು, ಹೊತ್ತಲಿಲ್ವಾ?"

ಆ ಕಡೆಯಿಂದ ಏನೋ ಹೇಳಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ.

"ಹಾಗಾದ್ರೆ ಬ್ಯಾಟರಿನಾ?"

ಮತ್ತೆ ಏನೋ ಹೇಳಿದರು. ಆರ್ವಿಡ್ ಫೋನನ್ನು ಕಿವಿಗೆ ಒತ್ತಿಕೊಂಡು, ಸ್ಕ್ರೂ ತಿರುಗಿಸುವಾಗ ಮಾಡುತ್ತಿದ್ದಂತೆ, ತಲೆ ತಗ್ಗಿಸಿ ನಿಂತಿದ್ದರು. ನಾನು ವಾಷರನ್ನು ಬೆರಳಿನಲ್ಲಿ ತಿರುಗಿಸುತ್ತ ಕಿಟಕಿಯ ಕಡೆ ನೋಡಿದೆ.

"ಏನೂ ಕೆಟ್ಟಿಲ್ಲ ಅಂತೀರಿ" ಎಂದರು ಕೊನೆಗೆ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಆಯ್ತು. ಬರ್ತೀನಿ."

ಫೋನಿಟ್ಟು ಕೋಟು ಹುಡುಕತೊಡಗಿದರು. ಅದು ಅವರ ಎದುರಿನ ಮೊಳೆಯಲ್ಲೇ ನೇತಾಡುತ್ತಿತ್ತು.