ಕಲ್ಲಿಗೆ ಸೋಪಿನ ನೊರೆ

ಅಮೆರಿಕದ ಫೋರ್ಟ್ ಲೀ ಊರಿಗೆ ಹೋಗುವ ದಾರಿಯಲ್ಲಿ ಸೋದರಳಿಯ ಮುರಳಿ ನನ್ನನ್ನು ತನ್ನ ಆಫೀಸಿಗೆ ಕರೆದೊಯ್ದ. ಶೇಲ್ ಎಂಬ ಕಪ್ಪು ಕಲ್ಲಿನ ಪದರದಿಂದ ಗ್ಯಾಸ್ ತೆಗೆಯಲು ಅವನು ಕೊರೆಸಿದ ಬಾವಿಯನ್ನು ಮುಚ್ಚಬೇಕೇ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಬಾವಿಯಿಂದ ಆಗಷ್ಟೇ ಬಂದಿದ್ದ ಕಲ್ಲನ್ನು ಅವನ ಮೇಲಧಿಕಾರಿ ತಿರುಗಿಸಿ ನೋಡಿ, ಇದರಲ್ಲಿ ಗ್ಯಾಸ್ ಎಲ್ಲಿದೆ ಎಂದರು.

ಮೈಸೂರಿನಲ್ಲಿ ಹೊಸ ಸಿಲಿಂಡರ್ ಬಂದೊಡನೆ ಸೋಪಿನ ನೊರೆ ಸವರಿ ಸೋರಿಕೆ ನೋಡುವುದು ನನ್ನ ನಿಯಮ. ಆಫೀಸಿನ ಬಚ್ಚಲಿನಿಂದ ನೊರೆ ತಂದು ಆ ಕಲ್ಲಿಗೂ ಸವರಿದೆ.

“ಅಯ್ಯೋ ಮಾವ, ಇದನ್ನೇನು ನಿಮ್ಮನೆ ಸಿಲಿಂಡರ್ ಅಂದ್ಕೊಂಡ್ರಾ? ನನ್ನ ಪ್ರಾಜೆಕ್ಟ್ ಹೋಗುತ್ತೆ!”

ಬಿರುಕಿನ ಮೇಲೆ ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು, ಪಕ್ಕದಲ್ಲೇ ಇನ್ನೊಂದು. ಮೇಲಧಿಕಾರಿ ಕನ್ನಡಕ ಏರಿಸಿಕೊಂಡು ಬಗ್ಗಿದರು. ಚಳಿಗಾಲ ಮುಗಿಯುವವರೆಗೂ ಬಾವಿ ಇರಲಿ ಎನ್ನುತ್ತಲೇ ಅಂಗಿಯ ತೋಳು ಮಡಿಸಿ, ಕಲ್ಲಿನ ಇನ್ನೊಂದು ಬದಿಗೆ ತಾವೇ ನೊರೆ ಹಚ್ಚತೊಡಗಿದರು.